ನವಮಿಯ ಅಳತೆ

ಗೋಕಾಕ
ತಾ. 28 ಆಗಸ್ಟ್ 1937, ಶನಿವಾರ

ನನ್ನ ಬೆನ್ನಿಗೆ ಬಿದ್ದ ತಂಗಿ ಗೌರವ್ವನಿಗೆ ಅಣ್ಣ ದುಂಡಪ್ಪನ ಆಶೀರ್ವಾದ.

ಪಂಚಮಿಗೆ ಕರೆಯಲು ಬರಲಿಲ್ಲವೆಂದು ನೀನು ಸಿಟ್ಟಾಗಿದ್ದೀ ಎಂದು ಮಸಗುಪ್ಪಿಯಿಂದ ಸಂತೆಗೆ ಬಂದವರು ಹೇಳಿದರು. ತಪ್ಪು ನನ್ನದೇ. ಮುಂಬೈಯಲ್ಲಿ ಹೊಸ ಮಂತ್ರಿಮಂಡಳ ಬಂದದ್ದೇ ಬಂದದ್ದು, ಊರೂರಿನವರಿಗೆ ತಮ್ಮ ತಮ್ಮ ಹಳೆಯ ತಂಟೆಗಳೆಲ್ಲ ನೆನಪಾಗಿವೆ. ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ನಾನು ಹಾಸುವ ಚಾಪೆಯ ಸುತ್ತ ಅರ್ಜಿ ಬರೆಯಿಸುವವರ ಗುಂಪು ಈ ತಿಂಗಳು ಕರಗಲಿಲ್ಲ. ಅದರ ಮೇಲೆ ಪತ್ರಿಕೆಗೆ ವಾರಕ್ಕೆರಡು ಬಾತ್ಮಿ ಕಳಿಸುವ ಕೆಲಸ. ಘಟಪ್ರಭೆ ತುಂಬಿ ಹರಿದಿದೆ ಎಂದು ಬರೆಯಬೇಕಾದರೂ ನಾನು ಹೊಳೆಯ ತನಕ ಹೋಗಿ ನೋಡಿಯೇ ಬರೆಯುವವನು. ನಿನಗೆ ಗೊತ್ತಿದೆ.

ಈ ಪತ್ರವನ್ನು ನಿನಗೆ ಓದಿ ಹೇಳುವವರು ಮಾಸ್ತರರ ಹೆಂಡತಿ ಸಾವಂತ್ರೆವ್ವನವರು. ಅವರಿಗೆ ನನ್ನ ಶರಣಾರ್ಥಿ. ಓದುವಾಗ ನಡುನಡುವೆ ತಮ್ಮ ಮಾತು ಸೇರಿಸದೆ, ಬರೆದಷ್ಟನ್ನೇ ಓದಬೇಕೆಂದು ಕೈಮುಗಿದು ಕೇಳುತ್ತೇನೆ. ನಾನು ಚಿಕ್ಕಂದಿನಲ್ಲಿ ಕಲಿಸಿದ ಅಕ್ಷರ ನಿನಗೆ ಮರೆತಿಲ್ಲ. ಆದರೆ ಇಷ್ಟುದ್ದದ ಬರಹಕ್ಕೆ ಕೂಡುವ ತಾಳ್ಮೆ ನಿನಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಾಲಿಂಗಪ್ಪ ನನ್ನ ಕೈಗೆ ಸಿಕ್ಕಿದ್ದಾನೆ.

ಹುಕ್ಕೇರಿಯ ಮಾಲಿಂಗಪ್ಪ. ಬರ್ಮಾದಲ್ಲಿ ಐರಾವತಿಯ ದಂಡೆಯ ಎಣ್ಣೆ ಬಾವಿಗಳಲ್ಲಿ ನನ್ನ ಜೊತೆಗೂ ನಿನ್ನ ಯಜಮಾನ ಯಲ್ಲಪ್ಪನ ಜೊತೆಗೂ ದುಡಿದವನು. ಊರ ಹೊರಗೆ ಅರಳೆಯ ಬೀಜ ಬಿಡಿಸುವ ಹೊಸ ಜಿನ್ನಿನಲ್ಲಿ ಉಗಿಯಂತ್ರದ ನಳಿಗೆಗಳನ್ನು ಅಳೆದು ಕೆರೆದು ಸ್ವಚ್ಛ ಮಾಡುವ ಮಿಸ್ತ್ರಿಯಾಗಿ ಸೇರಿಕೊಂಡಿದ್ದಾನೆ. ನನ್ನ ಊರಿನಲ್ಲಿ, ನನ್ನ ಮೂಗಿನ ಕೆಳಗೆ! ಅಳತೆಯ ಕೆಲಸವನ್ನೇ ಅವನಿಗೆ ಕೊಟ್ಟಿದ್ದಾರೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮರುದಿನ ಎರಡು ರೊಟ್ಟಿ ಹೆಚ್ಚೇ ತಿಂದೆ. ಎಂಟು ವರ್ಷ ಹಲ್ಲು ಕಡಿದು ಕಾಯ್ದವನಿಗೆ ಬೇಟೆ ತಾನಾಗಿ ಬಾಗಿಲಿಗೆ ಬಂದರೆ ಹಸಿವೆಯಾಗದೆ ಇರುತ್ತದೆಯೇ?

ನಾನು ನೇರವಾಗಿ ಮಾಲಕರಾದ ಪರಪ್ಪನವರ ಹತ್ತಿರ ಹೋದೆ. ಇದ್ದದ್ದನ್ನು ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಪೂರ್ತಿ ಕೇಳಿದರು.

"ಏನ್ರಿ ದುಂಡಪ್ಪನವರ, ನೀವ ಹೇಳೂದು ಖರೆ ಇರಬಹುದು. ಆದ್ರ ನಿಮ್ಮ ಕೈಯಾಗ ಲೇಖಣಿಕಿ ಐತಿ, ಅವನ ಕೈಯಾಗ ಕೆರಿಯೂ ಕತ್ತಿ ಐತಿ. ಲೇಖಣಿಕಿ ಮಾತ ಕೇಳಿ ಒಬ್ಬನ ಅನ್ನ ಕಸಗೊಂಡ್ರ ನಾಳೆ ಬಸವಣ್ಣ ನನ್ನ ಕೇಳತಾನ. ಸತ್ತಾಂವ ನಿಮ್ಮ ತಂಗಿ ಗಂಡ ಅಲ್ಲೇನ್ರಿ? ಆಕಿ ಸಹಿ ಮಾಡಿ ಕೊಡ್ಲಿ. ಅವತ್ತ ಅವನ್ನ ಗೇಟಿನ ಹೊರಗ ಹಾಕತೇನಿ."

ಆದ್ದರಿಂದ ಒಂದು ಕಾಗದ ಬರೆದು ಇದರೊಳಗಿಟ್ಟಿದ್ದೇನೆ. 'ನನ್ನ ಗಂಡನ ಸಾವಿಗೆ ಮಾಲಿಂಗಪ್ಪ ಕೊಟ್ಟ ಸುಳ್ಳು ಅಳತೆಯೇ ಕಾರಣ' ಎಂದು ನೀನು ಹೇಳುವ ಹಾಗೆ ಅದರಲ್ಲಿದೆ. ನೀನು ಸಹಿ ಮಾಡಬೇಕು. ನಿನಗೆ ಸುಲಭವಾಗಲೆಂದು ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ನಿನ್ನ ಹೆಸರನ್ನು ನಸುವಾಗಿ ಬರೆದಿದ್ದೇನೆ. ಅದರ ಮೇಲೆ ಶಾಯಿಯಿಂದ ತಿದ್ದಿದರೆ ಸಾಕು, ಚಿಕ್ಕವಳಿದ್ದಾಗ ಪಾಟಿಯ ಮೇಲೆ ತಿದ್ದುತ್ತಿದ್ದಂತೆ. ಒಂದು ಪ್ರತಿ ಪರಪ್ಪನವರಿಗೆ, ಒಂದು ಪತ್ರಿಕೆಗೆ. ಛಾಪಾದ ಮೇಲೆ ಈ ಮುಂಬೈ ಇಲಾಖೆಯಲ್ಲಿ ಯಾವ ಗಿರಣಿಯೂ ಅವನನ್ನು ಗೇಟಿನೊಳಗೆ ಬಿಡಬಾರದು.

ಸಹಿ ಮಾಡುವ ಮೊದಲು ನಿನಗೆ ಎಲ್ಲ ತಿಳಿದಿರಬೇಕು. ಇಷ್ಟು ವರ್ಷ ನೀನು ಕೇಳಿದಾಗಲೆಲ್ಲ ನಾನು ಅರ್ಧ ಹೇಳಿ ಬಿಟ್ಟಿದ್ದೆ.

ಆ ಬಾವಿಗಳು ನಮ್ಮ ನೀರಿನ ಬಾವಿಯಂತಲ್ಲ. ಎರಡೂವರೆ ಇಂಚಿನ ಕಬ್ಬಿಣದ ಕೊಳವೆ ಸಾವಿರಾರು ಅಡಿ ಭೂಮಿಯೊಳಗೆ ಇಳಿದಿರುತ್ತದೆ. ಕೆಳಗೆ ಎಣ್ಣೆ ಬಿಸಿ ಇರುತ್ತದೆ. ಮೇಲೇರುತ್ತ ತಣ್ಣಗಾಗಿ, ಚಳಿಗಾಲದಲ್ಲಿ ತುಪ್ಪದ ಗಿಂಡಿಯ ಬಾಯಿ ಕಟ್ಟುವಂತೆ, ಕೊಳವೆಯ ಒಳಮೈಗೆ ಮೇಣ ಕಟ್ಟುತ್ತದೆ. ಮೇಣ ಎಷ್ಟು ಕಟ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಅಳೆಯಬೇಕು. ಅದಕ್ಕೆ ಗೇಜು ಎಂಬ ಉಕ್ಕಿನ ಬಳೆಗಳಿದ್ದವು. ಒಂದಕ್ಕಿಂತ ಒಂದು ಸಣ್ಣದು, ಒಟ್ಟು ಐದು. ದೊಡ್ಡದನ್ನು ತಂತಿಗೆ ಕಟ್ಟಿ ಇಳಿಸುವುದು. ಅದು ಎಷ್ಟು ಅಡಿಗೆ ತಡೆದು ನಿಂತಿತೆಂದು ಬರೆದುಕೊಂಡು ಅದಕ್ಕಿಂತ ಸಣ್ಣದನ್ನು ಇಳಿಸುವುದು. ಹೀಗೆ ಐದೂ ಇಳಿದು ಬಂದರೆ ಯಾವ ಆಳದಲ್ಲಿ ಎಷ್ಟು ದಪ್ಪ ಮೇಣವಿದೆ ಎಂಬುದು ಕಾಗದದ ಮೇಲೆ ಬರುತ್ತದೆ. ಆಮೇಲೆ ಕತ್ತಿ ಇಳಿಸಿ ಕೆರೆದು ತೆಗೆಯಬೇಕು.

ಇದರಲ್ಲಿ ಒಂದೇ ಒಂದು ಅಪಾಯ. ಎಲ್ಲಕ್ಕೂ ಸಣ್ಣ ಗೇಜು ಕೂಡ ಇಳಿಯದಿದ್ದರೆ ಕೊಳವೆಗೆ ಬಿರಡೆ ಬಿದ್ದಿದೆ ಎಂದರ್ಥ. ಕೆಳಗೆ ವಾಯು ಒತ್ತಿ ನಿಂತಿರುತ್ತದೆ. ಆಗ ಕತ್ತಿ ಹಾಕಲೇಬಾರದು. ಮೇಲಿನಿಂದ ಬಿಸಿ ಎಣ್ಣೆ ಸುರಿದು ಮೇಣವನ್ನು ಮೆಲ್ಲಗೆ ಕರಗಿಸಬೇಕು. ಗೊತ್ತಿಲ್ಲದೆ ಕತ್ತಿ ಹಾಕಿದರೆ ಬಿರಡೆ ಹರಿದ ಕ್ಷಣ ಕೆಳಗಿನ ವಾಯು ಕತ್ತಿಯನ್ನೂ ತಂತಿಯನ್ನೂ ಬಂದೂಕಿನ ಗುಂಡಿನಂತೆ ಮೇಲಕ್ಕೆ ಎಸೆಯುತ್ತದೆ.

ಅಳೆಯುವುದು ಮಾಲಿಂಗಪ್ಪನ ಕೆಲಸ, ಅಂಕಿಗಳನ್ನು ದಪ್ತರದಲ್ಲಿ ಬರೆಯುವುದು ನನ್ನದು, ಕೆರೆಯುವುದು ಯಲ್ಲಪ್ಪನದು. ಆ ವರ್ಷ ಮಹಾನವಮಿಯ ದಿನ ಸಾಹೇಬರ ಅಪ್ಪಣೆಯಾಯಿತು: ನಲವತ್ತೊಂದನೆಯ ಬಾವಿಯನ್ನು ಇಂದು ಅಳೆಯಿರಿ, ನಾಳೆ ಕೆರೆಯಿರಿ. ಆ ಬಾವಿ ರಿಪೇರಿಗಾಗಿ ನಾಲ್ಕು ದಿನ ನಿಂತಿತ್ತು. ನಿಂತ ಎಣ್ಣೆ ತಣ್ಣಗಾಗಿ ಮುನ್ನೂರ ಇಪ್ಪತ್ತು ಅಡಿಯಲ್ಲಿ ಬಿರಡೆ ಬಿದ್ದಿತ್ತು. ದಪ್ತರದಲ್ಲಿ ಮಾತ್ರ ಅದಕ್ಕೂ ಹಿಂದಿನ ವಾರದ ಅಂಕಿಯೇ ಮತ್ತೊಮ್ಮೆ ಬಿದ್ದಿತ್ತು: 'ಒಂದೂವರೆ ಇಂಚಿನದು ಒಂಬೈನೂರು ಅಡಿಯ ತನಕ ಸರಾಗ.' ದಶಮಿಯ ಬೆಳಿಗ್ಗೆ ಯಲ್ಲಪ್ಪ ಅದನ್ನು ನಂಬಿ ಕತ್ತಿ ಇಳಿಸಿದ. ಮುಂದಿನದನ್ನು ಬರೆಯುವುದಿಲ್ಲ.

ಕಂಪನಿಯವರು ವಿಚಾರಣೆ ಮಾಡಿ 'ಕೆಲಸಗಾರನ ದುಡುಕಿನಿಂದ ಆದ ಸಾವು' ಎಂದು ಬರೆದರು. ಆ ಒಂದು ಸಾಲನ್ನು ನಿನ್ನ ನೆಗೆಣ್ಣಿಯರು ಎಷ್ಟು ಸಲ ನಿನ್ನ ಮುಖಕ್ಕೆ ಎಸೆದಿದ್ದಾರೆಂಬ ಲೆಕ್ಕ ನನ್ನ ಹತ್ತಿರವಿದೆ. "ದುಡುಕಿ ಸತ್ತಾಂವನ ಹೇಣ್ತಿ" ಎಂದು ನೀರಿನ ದಾರಿಯಲ್ಲಿ ಅಂದವಳ ಹೆಸರೂ ಗೊತ್ತಿದೆ. ಈ ಏಪ್ರಿಲಿನಿಂದ ಬರ್ಮಾ ಬೇರೆ ದೇಶವಾಯಿತೆಂದು ಪತ್ರಿಕೆಯಲ್ಲಿ ಓದಿದೆ. ಯಲ್ಲಪ್ಪನನ್ನು ಮಣ್ಣು ಮಾಡಿದ ನೆಲ ಈಗ ಪರದೇಶ. ಅವನ ಮೇಲಿನ ಅಪವಾದ ಮಾತ್ರ ಇಲ್ಲೇ ಉಳಿದಿದೆ.

ಬೇಗ ಸಹಿ ಮಾಡಿ ಕಳಿಸು. ಸಾವಂತ್ರೆವ್ವನವರ ಮನೆಯಲ್ಲಿ ಶಾಯಿ ಇರುತ್ತದೆ.

ನಿನ್ನ ಹೊಟ್ಟೆ ತಣ್ಣಗಿರಲಿ. 

ನಿನ್ನ ಅಣ್ಣ,
ದುಂಡಪ್ಪ


ಗೋಕಾಕ
ತಾ. 19 ಸೆಪ್ಟೆಂಬರ್ 1937, ರವಿವಾರ

ತಂಗಿ ಗೌರವ್ವನಿಗೆ ಆಶೀರ್ವಾದ.

ನಿನ್ನ ಪತ್ರ ಬಂದು ಆರು ದಿನವಾಯಿತು. ಜ್ವರವಿತ್ತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಓದಿದ ಮೇಲೆ ಲೇಖಣಿಕೆ ಹಿಡಿಯಲು ಮನಸ್ಸಾಗಲಿಲ್ಲ, ಅಷ್ಟೇ. ಸಹಿ ಮಾಡಿದ ಕಾಗದ ಬರುತ್ತದೆಂದು ಅಂಚೆಯವನ ದಾರಿ ಕಾಯುತ್ತಿದ್ದೆ. ಬಂದದ್ದು ಒಂದು ಪ್ರಶ್ನೆ.

ಮಾಲಿಂಗಪ್ಪ ಮಸಗುಪ್ಪಿಗೆ ಬಂದಿದ್ದನಂತೆ. ಪರಪ್ಪನವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದನ್ನು ನಾನು ಮರೆತಿದ್ದೆ. ನಿನ್ನ ಕಟ್ಟೆಯ ಮೇಲೆ ಕೂತು, ನೀರು ಕೊಟ್ಟರೂ ಕುಡಿಯದೆ, ತಲೆ ತಗ್ಗಿಸಿ ಹೇಳಿದನಂತೆ: "ತಂಗೆವ್ವಾ, ಸಹಿ ಮಾಡಬ್ಯಾಡ ಅನ್ನಾಕ ನಾ ಯಾರು? ಮಾಡು. ಆದ್ರ ಮಾಡೂ ಮುಂಚೆ ಒಂದ ಮಾತ ನಿಮ್ಮಣ್ಣಾರನ್ನ ಕೇಳು. ನವಮಿ ದಿನ ಗೇಜು ಎಲ್ಲಿದ್ದೂ ಅಂತ."

ಅದರ ಕೆಳಗೆ ಸಾವಂತ್ರೆವ್ವನವರು ತಮ್ಮದೂ ಎರಡು ಸಾಲು ಸೇರಿಸಿದ್ದಾರೆ: 'ಪಾಪ, ನೋಡಿದರೆ ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ.' ಸಾವಂತ್ರೆವ್ವನವರೇ, ಕೆಟ್ಟ ಮನುಷ್ಯರಿಗೆ ಹಣೆಯ ಮೇಲೆ ಕೋಡಿರುವುದಿಲ್ಲ. ಏಳು ವರ್ಷದಿಂದ ಅರ್ಜಿ ಬರೆಯುವವರನ್ನೂ ಬರೆಯಿಸುವವರನ್ನೂ ಕಂಡು ಹೇಳುತ್ತಿದ್ದೇನೆ.

ಗೇಜುಗಳು ಎಲ್ಲಿದ್ದವು! ಹಬ್ಬದ ದಿನ ಹತಾರಗಳು ಎಲ್ಲರ ಮನೆಯಲ್ಲಿ ಎಲ್ಲಿರುತ್ತವೆಯೋ ಅಲ್ಲಿದ್ದವು. ಖಂಡೇ ಪೂಜೆ ನೀನೂ ಮಾಡುತ್ತೀ. ಕುಡಗೋಲು, ಕಳೆ ಕೀಳುವ ಕುರ್ಚಗಿಗಳನ್ನು ಪೂಜೆಗಿಟ್ಟು ದಾರ ಸುತ್ತಿದರೆ ದಶಮಿಯ ಸಂಜೆ ಬನ್ನಿ ಮುಡಿಯುವ ತನಕ ಮುಟ್ಟುವುದಿಲ್ಲ. ಬರ್ಮಾಕ್ಕೆ ಹೋದರೂ ನಮ್ಮ ಮೂವರಲ್ಲಿ ಆ ಪದ್ಧತಿ ತಪ್ಪಿರಲಿಲ್ಲ. ಕತ್ತಿ ಕಂಪನಿಯ ಉಗ್ರಾಣದಲ್ಲಿರುತ್ತಿತ್ತು, ಗೇಜುಗಳನ್ನಷ್ಟೇ ಪೂಜೆಗಿಡುತ್ತಿದ್ದೆವು. ಹಾಗೆಂದು ದುಡಿಯುವ ಗಂಡಸು ಹಬ್ಬವನ್ನು ನೆಪ ಮಾಡಿ ಅಳತೆ ಬಿಡಬಹುದೇ? ಸಾಹೇಬರಿಗೆ ಹೋಗಿ ಹೇಳಬಹುದಿತ್ತು. ಯಲ್ಲಪ್ಪನಿಗೆ ಹೇಳಬಹುದಿತ್ತು. ಬಾಯಿಗೆ ಬೀಗ ಬಿದ್ದಿತ್ತೇ? ಅವನ ಮೌನವೇ ನಿನ್ನ ಯಜಮಾನನನ್ನು ಕೊಂದಿತು. ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ನಾನು ಅವನನ್ನು ಸುಮ್ಮನೆ ಬಿಟ್ಟಿರಲಿಲ್ಲ ಎಂಬುದು ನಿನಗೆ ಗೊತ್ತಿಲ್ಲ. ಬರ್ಮಾದಿಂದ ಬಂದ ಮೇಲೆ ಸೊಲ್ಲಾಪುರದ ಗಿರಣಿಯೊಂದರಲ್ಲಿ ಸೇರಿದ. ನಾನು ಎರಡು ಪುಟದ ಪತ್ರ ಬರೆದೆ. ಹದಿನೆಂಟನೆಯ ದಿನ ಹೊರಗೆ ಬಿದ್ದ. ಹುಬ್ಬಳ್ಳಿಗೆ ಹೋದ. ಅಲ್ಲಿಗೆ ನನ್ನ ಪತ್ರ ಅವನಿಗಿಂತ ತಡವಾಗಿ ಹೋಯಿತು, ಆದರೆ ಹೋಯಿತು. ಆಮೇಲೆ ಎರಡು ವರ್ಷ ಹುಕ್ಕೇರಿಯಲ್ಲಿ ಕಂಡವರ ಹೊಲದಲ್ಲಿ ಕಳೆ ಕಿತ್ತ. ಅಳತೆಯ ಮಿಸ್ತ್ರಿ ಹೆಂಗಸರ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದಾನೆಂದು ಕೇಳಿದ ದಿನ ನಾನು ಪೇಟೆಯಿಂದ ಬೆಲ್ಲ ತಂದು ಓಣಿಯವರಿಗೆ ಹಂಚಿದೆ. ಯಾಕೆಂದು ಕೇಳಿದವರಿಗೆ ಹೇಳಲಿಲ್ಲ.

ಇಷ್ಟಾದರೂ ಅವನು ಪ್ರತಿ ದಸರೆಗೆ, ಎಲ್ಲಿದ್ದರೂ, ದಶಮಿಯ ಸಂಜೆ ನನ್ನ ಬಾಗಿಲಿಗೆ ಬರುತ್ತಾನೆ. ಅಂಗೈಯಲ್ಲಿ ನಾಲ್ಕು ಬನ್ನಿ ಎಲೆ. "ಅಣ್ಣಾರ, ಬನ್ನಿ ತಗೊಳ್ರಿ. ಬಂಗಾರದ್ಹಂಗ ಇರೂಣು." ವರ್ಷದ ಜಗಳವನ್ನೆಲ್ಲ ಆ ಎಲೆಯೊಂದಿಗೆ ಬಿಡಬೇಕೆಂಬುದು ನಮ್ಮ ಕಡೆಯ ರಿವಾಜು. ನಾನು ಏಳು ದಸರೆ ಅವನ ಮುಖದ ಮೇಲೆ ಬಾಗಿಲು ಹಾಕಿದ್ದೇನೆ. ಹೊಸ್ತಿಲ ಮೇಲೆ ಅವನು ಇಟ್ಟುಹೋದ ಎಲೆಗಳನ್ನು ಕಸಬರಿಗೆಯಿಂದ ಗುಡಿಸಿ ಹಾಕಿದ್ದೇನೆ.

ನಿನ್ನ ಪತ್ರ ಬಂದ ಮರುದಿನ ಅವನನ್ನು ಪೇಟೆಯಲ್ಲಿ ನಾನೇ ತಡೆದು ನಿಲ್ಲಿಸಿದೆ.

"ಏನಲೇ, ಹೆಣ್ಣಮಗಳ ಮನಿಗಿ ಹೋಗಿ ಅಳಾಕತ್ತೀಯಂತ. ಗಂಡಸಾದ್ರ ನನ್ನ ಮುಂದ ಮಾತಾಡು."

"ನಿಮ್ಮ ಮುಂದ ಎಂಟ ವರ್ಷ ಮಾತಾಡೇನ್ರಿ ಅಣ್ಣಾರ. ನೀವ ಬಾಗಿಲಾ ಹಾಕ್ಕೊಂಡ್ರಿ."

"ಮತ್ತ ಹಾಕತೇನಿ. ಈ ಸಲ ಬಾಗಿಲಾ ಅಲ್ಲ, ನಿನ್ನ ಒಲಿಮ್ಯಾಲ ನೀರ ಹಾಕತೇನಿ."

"ಹಾಕ್ರಿ" ಎಂದ. ಕೈಯಲ್ಲಿ ಹಿಡಿದಿದ್ದ ಮೆಣಸಿನಕಾಯಿಯ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, "ಹಾಕೂದಿದ್ರ, ನಾ ಖರೇನ ಮಾಡಿದ ತಪ್ಪಿಗೆ ಹಾಕ್ರಿ" ಎಂದು ಹೇಳಿ ಹೊರಟುಹೋದ. ಅಂಗಡಿಯ ಮುಂದಿದ್ದವರು ನಕ್ಕರು. ಅವನನ್ನು ನೋಡಿ ನಕ್ಕರೋ ನನ್ನನ್ನು ನೋಡಿಯೋ ತಿಳಿಯಲಿಲ್ಲ. ಅದಕ್ಕೂ ಸೇರಿಸಿ ಅವನಿಂದ ವಸೂಲು ಮಾಡುತ್ತೇನೆ.

ನೀನು ಪ್ರಶ್ನೆ ಕೇಳುವುದನ್ನು ಬಿಟ್ಟು ಸಹಿ ಮಾಡು. ಯಲ್ಲಪ್ಪನ ಹೆಸರಿಗೆ ಹತ್ತಿದ ಮಸಿ ಹೋಗಬೇಕಾದರೆ ಮತ್ತೊಬ್ಬನ ಹೆಸರಿಗೆ ಅದು ಹತ್ತಲೇಬೇಕು. ದಸರೆಯ ದಿನ ಪರಪ್ಪನವರ ಜಿನ್ನಿನಲ್ಲಿ ಖಂಡೇ ಪೂಜೆಗೆ ನನಗೆ ಕರೆ ಬಂದಿದೆ, ಪತ್ರಿಕೆಗೆ ಬಾತ್ಮಿ ಬರೆಯಲು. ಅಷ್ಟರೊಳಗೆ ಕಾಗದ ನನ್ನ ಕೈಗೆ ಬಂದರೆ ಎಲ್ಲರೆದುರಿಗೆ ಓದಿ ಹೇಳಿ ಅವನನ್ನು ಅಲ್ಲಿಂದಲೇ ಹೊರಗೆ ಕಳಿಸುತ್ತೇನೆ.

ಜೋಳ ತೆನೆ ಹಿಡಿಯುವ ಹೊತ್ತು. ಹಕ್ಕಿ ಕಾಯಲು ನೀನೇ ಹೋಗಬೇಡ, ಮೊಣಕಾಲು ನೋವು ಹೆಚ್ಚಾದೀತು. 

ನಿನ್ನ ಅಣ್ಣ,
ದುಂಡಪ್ಪ


ಗೋಕಾಕ
ತಾ. 16 ಅಕ್ಟೋಬರ್ 1937, ಶನಿವಾರ

ತಂಗಿ ಗೌರವ್ವನಿಗೆ ಆಶೀರ್ವಾದ.

ನಿನ್ನಿಂದ ಕಾಗದ ಬರಲಿಲ್ಲ. ನಾನೂ ಮತ್ತೆ ಬರೆಯಲಿಲ್ಲ. ದಸರೆಯ ಹೋಳಿಗೆ ಕಳಿಸಿದ್ದು ಮುಟ್ಟಿತು. ಇಬ್ಬರೂ ಒಬ್ಬರ ಮೇಲೊಬ್ಬರು ಸಿಟ್ಟಾಗಿದ್ದೂ ನೀನು ಹೋಳಿಗೆ ಕಳಿಸಿದ್ದೀ. ಹತ್ತರಲ್ಲಿ ಎರಡನ್ನು ತಿಂದೆ. ಉಳಿದವನ್ನು ಓಣಿಯ ಹುಡುಗರಿಗೆ ಕೊಟ್ಟೆ. ಕಾರಣ ಹೇಳುತ್ತೇನೆ.

ಬುಧವಾರ ನವಮಿ. ಬೆಳಿಗ್ಗೆ ಪರಪ್ಪನವರ ಜಿನ್ನಿಗೆ ಹೋದೆ. ಹಬ್ಬಕ್ಕೆಂದು ಮಂಗಳವಾರವೇ ಬೆಂಕಿ ಆರಿಸಿದ್ದರು. ಯಂತ್ರಗಳಿಗೆಲ್ಲ ಚೆಂಡು ಹೂವಿನ ಮಾಲೆ, ವಿಭೂತಿ. ಬಾಗಿಲಲ್ಲಿ ಒಡೆದ ಬೂದಗುಂಬಳ. ಒಂದು ಹಲಗೆಯ ಮೇಲೆ ಪಾನೆ, ಸುತ್ತಿಗೆ, ಕೆರೆಯುವ ಕತ್ತಿ, ನಳಿಗೆಯ ಗೇಜುಗಳನ್ನು ಸಾಲಾಗಿ ಇಟ್ಟು, ಹಳದಿ ದಾರ ಸುತ್ತಿ ಪೂಜೆ ಮಾಡಿದ್ದರು. ಗೇಜುಗಳನ್ನು ಎಂಟು ವರ್ಷದ ಮೇಲೆ ಅಷ್ಟು ಹತ್ತಿರದಿಂದ ನೋಡಿದೆ. ಇವು ಬೇರೆ ಗೇಜುಗಳು, ಬೇರೆ ಕೆಲಸದವು. ಆದರೂ ಒಂದು ಹೆಜ್ಜೆ ಹಿಂದೆ ಸರಿದು ನಿಂತೆ.

ಮಂಗಳಾರತಿಯಾಗಿ ಬೆಲ್ಲ ಕೊಬ್ಬರಿ ಹಂಚುತ್ತಿದ್ದಾಗ ಪರಪ್ಪನವರಿಗೆ ಏನೋ ನೆನಪಾಯಿತು.

"ಮಾಲಿಂಗಪ್ಪಾ, ಶುಕ್ರವಾರ ಉಗಿಯಂತ್ರ ನೋಡಾಕ ಸರಕಾರಿ ಇನಸ್ಪೆಕ್ಟರ ಬರತಾರ. ನಳಗಿ ಅಳದೀ ಏನು?"

"ಇಲ್ರಿ ಧಣ್ಯಾರ. ಬೆಂಕಿ ಇದ್ದಾಗ ಅಳಿಯಾಕ ಬರೂದಿಲ್ಲ. ಇವತ್ತ ತಣ್ಣಗ ಐತಿ."

"ಇವತ್ತ ಹೆಂಗ? ಗೇಜು ಪೂಜಾಕ್ಕ ಅದಾವಲ್ಲ. ಹೋದ ತಿಂಗಳ ಅಳದದ್ದ ಐತೆಲ್ಲ, ಅದನ್ನ ಬರದ್ರಾತು. ಏನ ಆಗೂದೈತಿ?"

ಗೌರವ್ವಾ, ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಬೆಲ್ಲ ಕೆಳಗೆ ಬಿತ್ತು. ಪರಪ್ಪನವರಿಗೆ ಏನೂ ಗೊತ್ತಿಲ್ಲ. ಅವರು ನಗುತ್ತ, ಹಬ್ಬದ ಉಮೇದಿನಲ್ಲಿ ಅಂದರು. ಯಾರೂ ಅನ್ನಬಹುದಾದ ಮಾತು.

ಮಾಲಿಂಗಪ್ಪ ಹಲಗೆಯ ಮುಂದೆ ಹೋಗಿ ಕೈಮುಗಿದ. ಬಗ್ಗಿ ಹಲ್ಲಿನಿಂದ ದಾರ ಕಡಿದ. ಗೇಜುಗಳನ್ನು ತೆಗೆದುಕೊಂಡು ವಿಭೂತಿ ಕುಂಕುಮವನ್ನು ಧೋತರದ ಚುಂಗಿನಿಂದ ಒರೆಸಿದ.

ಅರಳೆ ಆರಿಸುವ ಹೆಂಗಸರಲ್ಲಿ ಭರಮವ್ವ ಎಂಬ ಮುದುಕಿ ಕೂಗಿಕೊಂಡಳು: "ಎಲಾ ಮಾಲಿಂಗ್ಯಾ! ಪೂಜಾಕ್ಕ ಇಟ್ಟದ್ದಕ್ಕ ಕೈ ಹಚ್ಚತಿ? ನಿನ್ನ ಕೈ ಸೇದಿ ಹೋಗತಾವ ನೋಡ!"

"ಹೋದ್ರ ನನ್ನ ಕೈ ಹೋಗಲಿ ಬೇ. ಹೋದ ಸಲ ಕೈ ಉಳಿಸ್ಕೊಂಡೆ, ಮತ್ತೊಬ್ಬಂದ ಜೀವಾ ಹೋತು."

ಅವನು ಅದನ್ನು ನನ್ನತ್ತ ನೋಡಿ ಹೇಳಲಿಲ್ಲ. ನೋಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಮುಚ್ಚಳ ಬಿಚ್ಚಿಸಿ ನಳಿಗೆಗಳಿಗೆ ಒಂದೊಂದಾಗಿ ಗೇಜು ಹಾಕಿದ. ನಮ್ಮ ಬಾವಿಗಳಲ್ಲಿ ಮೇಣ, ಇಲ್ಲಿ ನೀರಿನೊಳಗಿನ ಸುಣ್ಣ. ಕಟ್ಟುವ ರೀತಿ ಒಂದೇ. ಮೇಲಿನ ಸಾಲು ಸರಾಗ. ನಡುವಿನ ಸಾಲಿನ ಮೂರನೆಯ ನಳಿಗೆಯಲ್ಲಿ ಗೇಜು ಗೇಣು ದೂರ ಹೋಗಿ ನಿಂತಿತು. ಸಣ್ಣದನ್ನು ಹಾಕಿದ, ಅದೂ ನಿಂತಿತು. ಎಲ್ಲಕ್ಕೂ ಸಣ್ಣದು ಕೂಡ. ಪಕ್ಕದ ಎರಡು ನಳಿಗೆಗಳದೂ ಅದೇ ಕತೆ. ಪರಪ್ಪನವರ ಮುಖ ಬಿಳಚಿತು. ಹೋದ ತಿಂಗಳ ಅಂಕಿಯನ್ನು ನಂಬಿ ಸೋಮವಾರ ಬೆಂಕಿ ಹಚ್ಚಿದ್ದರೆ ನೀರು ಹರಿಯದ ನಳಿಗೆ ಕೆಂಪಗೆ ಕಾದು ಒಡೆಯುತ್ತಿತ್ತು. ಉಗಿಯಂತ್ರದ ಮುಂದಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಊಟ ಮಾಡುವವರು ಅದೇ ಭರಮವ್ವ ಮತ್ತು ಅವಳ ಜೊತೆಯವರು.

ಆಮೇಲೆ ಮಾಲಿಂಗಪ್ಪ ಕೈಯೆಲ್ಲ ಸುಣ್ಣ ಮಾಡಿಕೊಂಡು ಹೊರಗೆ ಬಂದ. ಗೋಡೆಗೆ ತೂಗು ಹಾಕಿದ್ದ ದಪ್ತರವನ್ನು ತೆಗೆದು, ಅಷ್ಟು ಜನರ ನಡುವೆ ನನ್ನ ಮುಂದೆ ಹಿಡಿದ.

"ಅಣ್ಣಾರ, ನನ್ನ ಕೈ ಹೊಲಸಾಗ್ಯಾವ. ನಿಮ್ಮ ಅಕ್ಷರ ಛಲೋ. ನಾ ಅಂದಂಗ ಬರೀರಿ. ನಾ ಕಂಡದ್ದ ಅಂತೇನಿ."

ನಾನು ಬರೆದೆ. ಅವನು ಅಂದ ಹಾಗೆ, ನಳಿಗೆಯ ಸಂಖ್ಯೆ, ಗೇಜಿನ ಇಂಚು, ನಿಂತ ದೂರ. ಹತ್ತೊಂಬತ್ತು ಸಾಲು. ಎರಡು ಕಡೆ ಶಾಯಿ ಸೋರಿತು. ನಿನ್ನ ಸಹಿ ಇಲ್ಲದ ಕಾಗದದ ನಕಲು ನನ್ನ ಕಿಸೆಯಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಪೂಜೆಯ ಬಾತ್ಮಿಯನ್ನೂ ಪತ್ರಿಕೆಗೆ ಕಳಿಸಲಿಲ್ಲ.

ಗುರುವಾರ ದಶಮಿ. ಸಂಜೆ ಊರವರೆಲ್ಲ ಬನ್ನಿ ಮುಡಿದು ಬಂದರು. ಓಣಿಯವರು ಬಂದು ಎಲೆ ಕೊಟ್ಟು ಹೋದರು. ನಾನು ಬಾಗಿಲು ತೆರೆದಿಟ್ಟು ಹೊಸ್ತಿಲ ಹತ್ತಿರವೇ ಕೂತೆ. ದೀಪ ಹಚ್ಚುವ ಹೊತ್ತಾಯಿತು. ಏಳು ವರ್ಷ ತಪ್ಪದೆ ಬಂದವನು ಈ ಸಲ ಬರಲಿಲ್ಲ.

ನಾನು ಆಗಸ್ಟಿನಲ್ಲಿ ಕಳಿಸಿದ ಕಾಗದವನ್ನು ಹರಿದು ಒಲೆಗೆ ಹಾಕು. ಅದರ ಬದಲು ಇದರೊಳಗೆ ಬೇರೆ ಕಾಗದ ಇಟ್ಟಿದ್ದೇನೆ. ಅದರ ಎರಡು ಪ್ರತಿಗಳಿವೆ, ಹಿಂದಿನಂತೆಯೇ ಒಂದು ಪರಪ್ಪನವರಿಗೆ, ಒಂದು ಪತ್ರಿಕೆಗೆ. ಸಾವಂತ್ರೆವ್ವನವರೇ, ತಾವು ಇಷ್ಟು ದಿನ ಓದಿ ಹೇಳಿದ್ದಕ್ಕೆ ನಾನು ಋಣಿ. ಇನ್ನು ಮುಂದಿನದನ್ನು ತಂಗಿಯೇ ಓದಲಿ. ದಯಮಾಡಿ ಪತ್ರವನ್ನು ಅವಳ ಕೈಗೆ ಕೊಟ್ಟು ಮನೆಗೆ ನಡೆಯಿರಿ.

ನಿನ್ನ ಹೊಲ ಬೆಳೆಯಲಿ, ನಿನ್ನ ಮಾತು ನಾಲ್ಕು ಜನರಲ್ಲಿ ಮೇಲಾಗಲಿ. ಅಣ್ಣನೆಂದು ಆಶೀರ್ವಾದ ಮಾಡುವ ಹಕ್ಕು ನನಗಿದೆಯೋ ಇಲ್ಲವೋ, ಈ ಕೆಳಗಿನದನ್ನು ಓದಿದ ಮೇಲೆ ನೀನೇ ತೀರ್ಮಾನಿಸು.

ದುಂಡಪ್ಪ

ತಾ.ಕ.

ಗೌರವ್ವಾ, ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಒಂದೊಂದೇ ಓದು. ಅವಸರವಿಲ್ಲ.

ಗೇಜು ನನ್ನ ಕೋಣೆಯಲ್ಲಿದ್ದವು. ಪೂಜೆ ಮಾಡಿದವನು ನಾನು. ದಾರ ಕಟ್ಟಿದವನು ನಾನು.

ಮಾಲಿಂಗಪ್ಪ ಬಂದ. "ಅಣ್ಣಾರ, ಬಾವಿ ನಾಕ ದಿನ ನಿಂತೈತಿ. ದಾರ ಬಿಚ್ಚಿ ಗೇಜು ಕೊಡ್ರಿ" ಎಂದ. ನಾನು ಕೊಡಲಿಲ್ಲ. "ಪೂಜಾಕ್ಕ ಇಟ್ಟದ್ದನ್ನ ಮುಟ್ಟಬ್ಯಾಡ. ಹೋದ ವಾರದ ಅಂಕಿ ಬರದ್ರಾತು. ಏನ ಆಗೂದೈತಿ?" ಎಂದೆ. ಅವನು ಮೂರು ಸಲ ಕೇಳಿದ. ನಾನು ಬೈದು ಕಳಿಸಿದೆ. ಅವನು ಬಾವಿಗೆ ಹೋಗಲೇ ಇಲ್ಲ. ಆ ಅಂಕಿ ಅವನು ಹೇಳಿದ್ದಲ್ಲ. ನಾನು ಬರೆದದ್ದು.

ದಶಮಿಯ ಬೆಳಿಗ್ಗೆ ಯಲ್ಲಪ್ಪ ಕತ್ತಿ ಹೆಗಲಿಗೇರಿಸಿ ನನ್ನ ಬಾಗಿಲಿಗೆ ಬಂದ. "ಅಳತಿ ಆಗೇತೇನ್ರಿ?" ಎಂದು ಕೇಳಿದ. ನಾನು ಹಲ್ಲು ತಿಕ್ಕುತ್ತಿದ್ದೆ. "ಆಗೇತಿ, ಹೋಗು" ಎಂದೆ. ಅವನು ದುಡುಕಲಿಲ್ಲ, ಗೌರವ್ವಾ. ಕೇಳಿಯೇ ಹೋದ.

ಸಾಹೇಬರು ವಿಚಾರಣೆ ಮಾಡಿದಾಗ ಮಾಲಿಂಗಪ್ಪ ಅಳೆದನೆಂದು ಹೇಳಿದೆ. ಅವನನ್ನು ಬರ್ಮಾಕ್ಕೆ ಕರೆದುಕೊಂಡು ಹೋದವನು ನಾನು. ಅವನು ನನ್ನ ಮುಖ ನೋಡಿ ಹೂಂ ಅಂದ. ಆ ಹೂಂ ಅಂದದ್ದಕ್ಕೆ ಅವನನ್ನು ಎಂಟು ವರ್ಷ ಬೇಟೆಯಾಡಿದೆ. ಗೊತ್ತಿದ್ದವನು ಅವನೊಬ್ಬನೇ ಆಗಿದ್ದ.

ಈ ಕಾಗದದಲ್ಲಿ ತಪ್ಪಿತಸ್ಥನ ಹೆಸರು ಸರಿಯಾಗಿದೆ. ಅವನು ಗೋಕಾಕದಲ್ಲಿ ಕಚೇರಿಯ ಮುಂದೆ, ಬೇವಿನ ಗಿಡದ ಕೆಳಗೆ ಸಿಗುತ್ತಾನೆ. ಕನಿಕರ ಮಾಡಬೇಡ. ಅವನು ಯಾರಿಗೂ ಮಾಡಲಿಲ್ಲ.

ಸಹಿಯ ಜಾಗದಲ್ಲಿ ಈ ಸಲ ಪೆನ್ಸಿಲಿನಿಂದ ಏನೂ ಬರೆದಿಲ್ಲ. ಖಾಲಿ ಬಿಟ್ಟಿದ್ದೇನೆ.